ದುಡ್ಡು ಕೊಟ್ಟು ಕರೆಯುವ ಸ್ವಿಸ್ ಹಳ್ಳಿಗೆ ಮಗಳನ್ನು ಕಳಿಸಬಹುದಾ?

ಪ್ರಶ್ನೆ: ನಾನು ಶಿರಸಿ ಸೀಮೆಯವಳು, ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಸ್ವಿಟ್ಜರ್ಲೆಂಡಿನ ಬಾಸೆಲ್ ಪೇಟೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಅಲ್ಲೇ ಕಾಯಂ ಇರಲು ಸಿ ಪರ್ಮಿಟ್ ಕೂಡ ಸಿಕ್ಕಿದೆ. ಆರು ವರ್ಷದ ಮೊಮ್ಮಗ ಇದ್ದಾನೆ. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿ ಅಲ್ಲಿಗೆ ಹೋಗಿ ನೆಲೆಸುವವರಿಗೆ ಲಕ್ಷಗಟ್ಟಲೆ ಕೊಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಾನು ನಕ್ಕು ಸುಮ್ಮನಾದೆ. ಮಗಳು ಮಾತ್ರ ಅದು ನಿಜ ಎನ್ನುತ್ತಾಳೆ. ಪೇಟೆ ಬಿಟ್ಟು ಅಂಥ ಹಳ್ಳಿಗೆ ಹೋಗಿ ಎರಡು ಹಸು ಕಟ್ಟಿಕೊಂಡು ಇರುತ್ತೇವೆ ಎಂದು ಹಟ ಹಿಡಿದಿದ್ದಾಳೆ. (ಇಲ್ಲಿ ಮೂರು ಎಕರೆ ಅಡಿಕೆ ತೋಟ ನೋಡಿಕೊಳ್ಳಲು ಜನ ಇಲ್ಲ, ಅದು ಬೇರೆ ಮಾತು.) ಈ ದುಡ್ಡಿನ ಕಥೆ ನಿಜವೇ? ಊರು ಅಷ್ಟು ಚೆನ್ನಾಗಿದ್ದರೆ ಅಲ್ಲಿಯವರೇ ಯಾಕೆ ಬಿಟ್ಟು ಹೋಗುತ್ತಾರೆ? ಹೊರಗಿನವರನ್ನು ಆ ಜನ ಸೇರಿಸಿಕೊಳ್ಳುತ್ತಾರಾ? ಇನ್ನೊಂದು. ಅಲ್ಲಿ ಹಸುಗಳನ್ನು ಕಾಳಗಕ್ಕೆ ಬಿಡುತ್ತಾರಂತೆ, ಹೌದಾ?

ಉತ್ತರ: ಅಕ್ಕೋರೇ, ನಿಮ್ಮ ಚಿಂತೆ ದುಡ್ಡಿನದ್ದಲ್ಲ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಮಗಳು ಒಂದು ಚಿತ್ರ ನೋಡಿ ಬದುಕು ಬದಲಿಸಲು ಹೊರಟಿದ್ದಾಳೆ, ಆ ಚಿತ್ರದ ಹಿಂದೆ ಏನಿದೆ ಅನ್ನುವುದು ನಿಮ್ಮ ಪ್ರಶ್ನೆ. ಗುಡ್ಡಗಾಡಿನ ಕೃಷಿಯ ಲೆಕ್ಕ ಹಾಕುವುದೇ ನನ್ನ ಕೆಲಸ. ಆ ಸೀಮೆಯಲ್ಲಿ ಕೆಲವು ಬೇಸಿಗೆ ಓಡಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ಫಾರ್ವರ್ಡ್ ಅರ್ಧ ನಿಜ. ಹಳ್ಳಿಯ ಹೆಸರು ಆಲ್ಬಿನೆನ್. ದಕ್ಷಿಣ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿದೆ, ಸುಮಾರು 1,300 ಮೀಟರ್ ಎತ್ತರದಲ್ಲಿ. ಜನ ಸುಮಾರು 240. ಮಕ್ಕಳಿಲ್ಲದೆ ಊರಿನ ಶಾಲೆ ಮುಚ್ಚಿತು. ಊರು ಉಳಿಯಬೇಕಾದರೆ ಏನಾದರೂ ಮಾಡಲೇಬೇಕು ಎಂದು ಅಲ್ಲಿನ ಕಿರಿಯರೇ ಪ್ರಸ್ತಾವ ತಂದರು. 2017ರ ನವೆಂಬರ್ 30ರಂದು ಊರಿನವರು ಸಭೆ ಸೇರಿ ಒಪ್ಪಿದರು. ದೊಡ್ಡವರಿಗೆ ತಲಾ 25,000 ಫ್ರಾಂಕ್, ಪ್ರತಿ ಮಗುವಿಗೆ 10,000 ಫ್ರಾಂಕ್. ನಿಮ್ಮ ಮಗಳ ಸಂಸಾರಕ್ಕೆ ಹಾಕಿದರೆ 60,000 ಆಗುತ್ತದೆ. ಸುದ್ದಿ ಜಗತ್ತೆಲ್ಲ ಹಬ್ಬಿತು. ಆ ಪುಟ್ಟ ಪಂಚಾಯ್ತಿಗೆ ಎಲ್ಲೆಲ್ಲಿಂದಲೋ ವಿಚಾರಣೆಗಳು ಬಂದು ಬಿದ್ದವು.

ಫಾರ್ವರ್ಡ್ ಮಾಡಿದವರು ಷರತ್ತುಗಳನ್ನು ಬಿಟ್ಟರು. ವಯಸ್ಸು 45ಕ್ಕಿಂತ ಕಡಿಮೆ ಇರಬೇಕು. ಸ್ವಿಸ್ ಪ್ರಜೆ ಆಗಿರಬೇಕು, ಇಲ್ಲವೇ ಸಿ ಪರ್ಮಿಟ್ ಇರಬೇಕು. ಊರಿನಲ್ಲಿ ಕನಿಷ್ಠ 2,00,000 ಫ್ರಾಂಕ್ ಬೆಲೆಯ ಮನೆ ಕಟ್ಟಬೇಕು ಅಥವಾ ಕೊಳ್ಳಬೇಕು. ಅದು ರಜೆಗೆ ಬಂದು ಹೋಗುವ ಮನೆ ಆಗಿರಬಾರದು, ವಾಸದ ಮನೆಯೇ ಆಗಿರಬೇಕು. ಹತ್ತು ವರ್ಷ ಇರಬೇಕು. ಮಧ್ಯದಲ್ಲಿ ಬಿಟ್ಟು ಹೋದರೆ ದುಡ್ಡು ವಾಪಸ್ ಕಟ್ಟಬೇಕು. ಅಂದರೆ ಭಾರತದಲ್ಲಿ ಕುಳಿತು ಅರ್ಜಿ ಹಾಕುವವರಿಗೆ ಇದು ಸಂಬಂಧವೇ ಇಲ್ಲದ ಮಾತು. ನಿಮ್ಮ ಮಗಳಿಗೆ ಮಾತ್ರ ಸಂಬಂಧ ಇದೆ. ಹಾಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಈಗಿನ ಷರತ್ತು ಏನು, ಹಣ ಬಾಕಿ ಇದೆಯೇ ಎಂದು ಆಕೆ ನೇರವಾಗಿ ಪಂಚಾಯ್ತಿಯನ್ನೇ ಕೇಳಲಿ.

ಇದರಲ್ಲಿ ಹಸುವಿನ ಮಾತೇ ಇಲ್ಲ, ಗಮನಿಸಿದಿರಾ? ಊರಿಗೆ ಬೇಕಾಗಿದ್ದು ರೈತರಲ್ಲ, ಶಾಲೆಗೆ ಹೋಗುವ ಮಕ್ಕಳು. ಬಂದವರು ಕೆಳಗೆ ಪೇಟೆಗೆ ಕೆಲಸಕ್ಕೆ ಹೋಗಲಿ, ರಾತ್ರಿ ಊರಿನಲ್ಲಿ ದೀಪ ಹಚ್ಚಲಿ ಅಂತ.

ಇನ್ನು ಎರಡನೇ ಪ್ರಶ್ನೆ, ಜನ ಯಾಕೆ ಬಿಟ್ಟು ಹೋಗುತ್ತಾರೆ ಅನ್ನುವುದು. ಇದಕ್ಕೆ ಆಲ್ಬಿನೆನ್‌ಗಿಂತ ಅದೇ ಪ್ರಾಂತ್ಯದ ಇನ್ನೊಂದು ಹಳ್ಳಿ ಚೆನ್ನಾಗಿ ಉತ್ತರ ಕೊಡುತ್ತದೆ. ಅದರ ಹೆಸರು ಟೋರ್ಬೆಲ್. ರೋನ್ ನದಿಯ ಆಚೆ ದಡದಲ್ಲಿ, ಫಿಸ್ಪ್ ಪಟ್ಟಣದ ಮೇಲಿನ ಕಣಿವೆಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಐನೂರು ಜನರ ಊರು. ಇಷ್ಟು ಸಣ್ಣ ಊರಿನ ಹೆಸರು ಅರ್ಥಶಾಸ್ತ್ರ ಓದುವವರಿಗೆಲ್ಲ ಗೊತ್ತು. ಯಾಕೆಂದರೆ ರಾಬರ್ಟ್ ನೆಟ್ಟಿಂಗ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ಅಲ್ಲಿ ಕುಳಿತು ಹಳೆಯ ದಾಖಲೆಗಳನ್ನೆಲ್ಲ ತೆಗೆಸಿ ಓದಿದರು. ಮುಂದೆ ಎಲಿನಾರ್ ಆಸ್ಟ್ರಮ್ ಅದನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಊರೊಟ್ಟಿನ ಆಸ್ತಿಯನ್ನು ಜನ ತಾವೇ ಕಾಪಾಡಿಕೊಳ್ಳಬಲ್ಲರು, ಸರ್ಕಾರ ಅಥವಾ ಖಾಸಗಿ ಮಾಲೀಕ ಬೇಕೇ ಬೇಕು ಅಂತಿಲ್ಲ ಎನ್ನುವುದು ಅವರ ವಾದ.

ನೀವು ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಕೊಡುವ ಕಾಡಿನ, ಸೀಮೆಯವರು. ತೋಟಕ್ಕೆ ಬೆಟ್ಟ ಬೇಕು, ಬೆಟ್ಟಕ್ಕೆ ಕಟ್ಟಳೆ ಬೇಕು ಎನ್ನುವುದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಟೋರ್ಬೆಲ್‌ನವರು 1483ರಲ್ಲೇ ಒಂದು ಕರಾರು ಬರೆದುಕೊಂಡರು. ಮೇಲಿನ ಹುಲ್ಲುಗಾವಲು, ಕಾಡು, ಪಾಳು ಭೂಮಿ ಇವನ್ನು ಯಾರು ಹೇಗೆ ಬಳಸಬೇಕು ಅಂತ. ಅದರಲ್ಲಿ ಹೊರಗಿನವರ ಬಗ್ಗೆ ಒಂದು ಮಾತು ಖಡಕ್ಕಾಗಿದೆ. ಪರಊರಿನವನು ಇಲ್ಲಿ ಜಮೀನು ಕೊಂಡರೂ ಊರೊಟ್ಟಿನ ಹುಲ್ಲುಗಾವಲಿನಲ್ಲಿ ಹಕ್ಕು ಬರುವುದಿಲ್ಲ, ಮರ ಕಡಿಯುವ ಹಾಗಿಲ್ಲ. ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಊರಿನವರೇ ತೀರ್ಮಾನಿಸುತ್ತಾರೆ. 1517ರ ಹೊತ್ತಿಗೆ ಇನ್ನೊಂದು ಕಟ್ಟಳೆ ಬಂತು. ಚಳಿಗಾಲದಲ್ಲಿ ನೀನು ಎಷ್ಟು ಹಸು ಸಾಕಬಲ್ಲೆಯೋ, ಬೇಸಿಗೆಯಲ್ಲಿ ಅಷ್ಟೇ ಹಸುವನ್ನು ಮೇಲಕ್ಕೆ ಕಳಿಸಬಹುದು.

ಈ ಒಂದು ಸಾಲಿನಲ್ಲಿ ಇಡೀ ಊರು ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಲ್ಪ್ ಅಂದರೆ ನಾವು ಹಿಮದ ಶಿಖರ ಅಂದುಕೊಳ್ಳುತ್ತೇವೆ. ಆ ಜನರ ಬಾಯಲ್ಲಿ ಆಲ್ಪ್ ಅಂದರೆ ಬೇಸಿಗೆಯ ಗೋಮಾಳ, ಊರಿಗಿಂತ ಮೇಲೆ, ಮರಗಳ ಗಡಿ ದಾಟಿದ ಮೇಲೆ ಸಿಗುವ ಹುಲ್ಲು. ಅಲ್ಲಿ ಮೇವು ಸಿಗುವುದು ಸುಮಾರು ನೂರು ದಿನ. ಉಳಿದ ದಿನಗಳಲ್ಲಿ ಬಹುಪಾಲು ಹಸು ಕೊಟ್ಟಿಗೆಯಲ್ಲಿ. ಆಗ ಬೇಕಾದ ಒಣಹುಲ್ಲನ್ನು ಊರಿನ ಸುತ್ತಲಿನ ಸ್ವಂತ ಹುಲ್ಲುಗದ್ದೆಯಿಂದ ಕೊಯ್ದು, ಒಣಗಿಸಿ, ಬೆನ್ನ ಮೇಲೆ ಹೊತ್ತು ತರಬೇಕು. ಇಳಿಜಾರು ಹೇಗಿರುತ್ತದೆ ಅಂದರೆ ಎಷ್ಟೋ ಕಡೆ ಇವತ್ತಿಗೂ ಕುಡುಗೋಲೇ ಗತಿ. ಹೀಗಾಗಿ ಯಾರ ಅಟ್ಟದಲ್ಲಿ ಎಷ್ಟು ಹುಲ್ಲಿದೆಯೋ ಅಷ್ಟೇ ಅವರ ಹಸು. ಜೂನ್‌ನಲ್ಲಿ ಹತ್ತು ಹಸು ಕೊಂಡು ಊರೊಟ್ಟಿನ ಹುಲ್ಲಿನಲ್ಲಿ ಮೇಯಿಸಿ ಅಕ್ಟೋಬರ್‌ನಲ್ಲಿ ಮಾರುವ ಚಾಲಾಕಿಗೆ ದಾರಿಯೇ ಇಲ್ಲ. ಅಳತೆ ಮಾಡುವವರು, ಲೆಕ್ಕ ಬರೆಯುವವರು ಬೇಕಾಗಿಲ್ಲ. ಚಳಿಗಾಲವೇ ಅಳತೆಗೋಲು.

ತಪ್ಪಿ ನಡೆದವರಿಗೆ ದಂಡ ಹಾಕಲು ಊರಿನದೇ ಒಬ್ಬ ಅಧಿಕಾರಿ. ದಂಡದ ಅರ್ಧ ಅವನ ಕಿಸೆಗೆ. ಹಾಗಾಗಿ ಅವನ ಕಣ್ಣು ಚುರುಕಾಗಿರುತ್ತಿತ್ತು. ಹಸುಗಳನ್ನು ಮೇಲಕ್ಕೆ ಅಟ್ಟಿದ ಕೂಡಲೇ ಎಣಿಕೆ. ಬೇಸಿಗೆ ಮುಗಿದ ಮೇಲೆ ಅಲ್ಲಿ ಮಾಡಿದ ಚೀಸ್ ಹಂಚುವುದು ಆ ಎಣಿಕೆಯ ಮೇಲೆ. ಸೌದೆಯ ರೀತಿ ನನಗೆ ಇನ್ನೂ ಇಷ್ಟ. ಕಡಿಯಬೇಕಾದ ಮರಕ್ಕೆ ಗುರುತು ಹಾಕುತ್ತಾರೆ. ಮನೆಗಳವರು ಗುಂಪಾಗಿ ಕಡಿದು, ಎಳೆದು ತಂದು, ಸಮ ಸಮ ಒಟ್ಟಲು ಹಾಕುತ್ತಾರೆ. ಆಮೇಲೆ ಚೀಟಿ ಎತ್ತಿ ಯಾರಿಗೆ ಯಾವ ಒಟ್ಟಲು ಎಂದು ತೀರ್ಮಾನ. ಯಾವುದು ತನ್ನ ಪಾಲಿಗೆ ಬರುತ್ತದೋ ಗೊತ್ತಿಲ್ಲದಾಗ ಯಾರು ಮೋಸ ಮಾಡಿಯಾರು?

ನೀರಿನ ಕಥೆಯೂ ಇದೆ. ಫೋಟೋದಲ್ಲಿ ಅಷ್ಟು ಹಸಿರು ಕಾಣುವ ಈ ಕಣಿವೆ ಸ್ವಿಟ್ಜರ್ಲೆಂಡಿನಲ್ಲೇ ಅತಿ ಒಣ ಜಾಗ. ತಳದಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಹೆಚ್ಚು. ಶಿರಸಿಯವರಿಗೆ ಇದು ಒಂದು ವಾರದ ಮಳೆ ಅನ್ನಿಸಬಹುದು! ಅದಕ್ಕೇ ಬೆಟ್ಟದ ಹೊಳೆಗಳಿಂದ ಬಂಡೆಯ ಪಕ್ಕದಲ್ಲೇ ಕಾಲುವೆ ತಂದಿದ್ದಾರೆ. ಕೆಲವು ಕಡೆ ಮರದ ದೋಣಿಯಂಥ ಕಾಲುವೆಯನ್ನೇ ಬಂಡೆಗೆ ನೇತುಹಾಕಿದ್ದಾರೆ. ಅಲ್ಲಿಯ ಜರ್ಮನ್‌ನಲ್ಲಿ ಅವಕ್ಕೆ ಸುವೊನೆ ಎನ್ನುತ್ತಾರೆ. ನೀರಿಗೆ ಸರದಿ. ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಮರದ ಕಟ್ಟಿಗೆಯಲ್ಲಿ ಗೀರು ಹಾಕಿ ಗುರುತಿಡುತ್ತಿದ್ದರು. ಆ ಕಟ್ಟಿಗೆಯೇ ಅವರ ಪಹಣಿ. ಈ ನೀರಾವರಿ ಪದ್ಧತಿಯನ್ನು 2023ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಕೇಳಿ ರಾಮರಾಜ್ಯ ಅಂದುಕೊಳ್ಳಬೇಡಿ. ನನ್ನ ಕೆಲವು ಸಹೋದ್ಯೋಗಿಗಳೂ ಟೋರ್ಬೆಲ್ ಹೆಸರು ಬಂದರೆ ಭಾವುಕರಾಗುತ್ತಾರೆ. ಹುಲ್ಲುಗದ್ದೆ ಜಾಸ್ತಿ ಇದ್ದವನಿಗೆ ಹಸು ಜಾಸ್ತಿ, ಇಲ್ಲದವನಿಗೆ ಊರೊಟ್ಟಿನ ಹುಲ್ಲೂ ಇಲ್ಲ. ಕಟ್ಟಳೆ ಹುಲ್ಲನ್ನು ಕಾಪಾಡಿತು, ಬಡವರನ್ನು ಅಲ್ಲ. ಆಸ್ತಿಯಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಇತ್ತು. ಒಳ್ಳೆಯದೇ. ಆದರೆ ತಲೆಮಾರು ಕಳೆದಂತೆ ಜಮೀನು ಕರವಸ್ತ್ರದಷ್ಟಾಯಿತು. ಒಂದೇ ಮರದ ಮನೆಯಲ್ಲಿ ಮಹಡಿಗೊಬ್ಬ ಮಾಲೀಕ. ಎಷ್ಟೋ ಜನ ತಡವಾಗಿ ಮದುವೆಯಾದರು, ಕೆಲವರು ಆಗಲೇ ಇಲ್ಲ, ಉಳಿದವರು ಊರು ಬಿಟ್ಟರು. ಬೇರೆ ರಾಜರ ಸೈನ್ಯದಲ್ಲಿ ಕೂಲಿಗೆ ಹೋರಾಡುವುದು ಸ್ವಿಸ್ ಬೆಟ್ಟದ ಹುಡುಗರಿಗೆ ಶತಮಾನಗಟ್ಟಲೆ ಉದ್ಯೋಗವೇ ಆಗಿತ್ತು. ಪೋಪ್ ಅವರ ಸ್ವಿಸ್ ಕಾವಲುಪಡೆ ಶುರುವಾಗಿದ್ದು 1506ರಲ್ಲಿ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಹಸಿವು ಕಾಡಿತು. ಸ್ವಿಸ್ ಜನ ಹಡಗು ಹತ್ತಿ ಬ್ರೆಜಿಲ್‌ಗೆ ಹೋಗಿ ನೋವಾ ಫ್ರಿಬುರ್ಗೋ ಎಂಬ ಊರು ಕಟ್ಟಿದರು. ಸ್ವಿಟ್ಜರ್ಲೆಂಡ್ ಶ್ರೀಮಂತ ದೇಶ ಎನ್ನುವುದು ಇತ್ತೀಚಿನ ಮಾತು.

ಇನ್ನೊಂದು ವಿಷಯ ಪ್ರವಾಸದ ಕರಪತ್ರದಲ್ಲಿ ಬರುವುದಿಲ್ಲ. ಬಡವರ ಮಕ್ಕಳನ್ನು, ಮದುವೆಯಾಗದ ತಾಯಂದಿರ ಮಕ್ಕಳನ್ನು ಅಧಿಕಾರಿಗಳೇ ಕಿತ್ತು ತಂದು ರೈತರ ಮನೆಯಲ್ಲಿ ದುಡಿಯಲು ಬಿಡುತ್ತಿದ್ದರು. ಜೀತ ಎನ್ನಿ. ಇದು ದೇಶದ ಹಲವು ಕಡೆ ಇಪ್ಪತ್ತನೇ ಶತಮಾನದ ನಡುವಿನ ನಂತರವೂ ನಡೆದಿತ್ತು. ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಬದುಕಿ ಉಳಿದವರಿಗೆ ಪರಿಹಾರ ಕೊಡುವ ಕಾನೂನು ಬಂದಿದ್ದು 2017ರಲ್ಲಿ. ಮೊತ್ತ ಎಷ್ಟು ಗೊತ್ತಾ? ತಲಾ 25,000 ಫ್ರಾಂಕ್. ಆಲ್ಬಿನೆನ್ ದೊಡ್ಡವರಿಗೆ ಕೊಡುವ ಮೊತ್ತವೇ, ಅದೇ ವರ್ಷ.

ಈಗ ಹೇಳಿ, ಜನ ಯಾಕೆ ಬಿಟ್ಟು ಹೋದರು ಅಂತ? ಫಿಸ್ಪ್‌ನಲ್ಲಿ ರಾಸಾಯನಿಕ ಕಾರ್ಖಾನೆ ಬಂತು. 1913ರಲ್ಲಿ ಲೋಚ್‌ಬರ್ಗ್ ಸುರಂಗ ತೆರೆದು ರಾಜಧಾನಿ ಬರ್ನ್‌ಗೆ ನೇರ ರೈಲು ಬಂತು. ಹಳ್ಳಿಯ ಗಂಡಸರು ಬೆಳಿಗ್ಗೆ ಹಾಲು ಕರೆದು ಪಾಳಿ ಕೆಲಸಕ್ಕೆ ಇಳಿದರು. ಹೆಂಗಸರು ಕೊಟ್ಟಿಗೆ, ಹುಲ್ಲು, ಆಲೂಗಡ್ಡೆ ನೋಡಿಕೊಂಡರು. ಮುಂದಿನ ತಲೆಮಾರಿಗೆ ಸಂಬಳ ಉಳಿಯಿತು, ಹಸು ಹೋಯಿತು. 1990ರಲ್ಲಿ ಇಡೀ ದೇಶದಲ್ಲಿ ಸುಮಾರು 93 ಸಾವಿರ ಕೃಷಿ ಕುಟುಂಬಗಳ ಹಿಡುವಳಿ ಇತ್ತು. 2023ಕ್ಕೆ 48 ಸಾವಿರಕ್ಕೆ ಇಳಿಯಿತು. ನಿಮ್ಮ ಮೂರು ಎಕರೆ ತೋಟಕ್ಕೆ ಜನ ಸಿಗದಿರುವುದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಉಳಿದವರು ಹೇಗೆ ಉಳಿದಿದ್ದಾರೆ? ಹಾಲು ಮಾರಿ ಅಲ್ಲ. 1996ರಲ್ಲಿ ಸ್ವಿಸ್ ಜನ ಮತ ಹಾಕಿ ಕೃಷಿಯ ವಿಧಿಯೊಂದನ್ನು ಸಂವಿಧಾನಕ್ಕೆ ಸೇರಿಸಿದರು. ಆಹಾರ ಬೆಳೆಯುವುದರ ಜೊತೆಗೆ ನೆಲ, ನೋಟ, ಬೆಟ್ಟದ ಜನವಸತಿ ಕಾಪಾಡುವುದೂ ರೈತನ ಕೆಲಸ ಎಂದು. ಅದಕ್ಕಾಗಿ ಸರ್ಕಾರ ರೈತರ ಖಾತೆಗೆ ವರ್ಷಕ್ಕೆ ಸುಮಾರು 280 ಕೋಟಿ ಫ್ರಾಂಕ್ ಹಾಕುತ್ತದೆ. ಇಳಿಜಾರು ಹೆಚ್ಚಿದಷ್ಟೂ ಹಣ ಹೆಚ್ಚು. ನಿಮ್ಮ ಮಗಳು ಚಿತ್ರದಲ್ಲಿ ನೋಡಿದ ಬೋಳಿಸಿದಂಥ ಹಸಿರು ಈ ದುಡ್ಡಿನಿಂದ ಉಳಿದಿರುವ ಹಸಿರು. ಕೊಯ್ಯದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಪೊದೆ, ಆಮೇಲೆ ಕಾಡು.

ಹಾಗಾದರೆ ಎರಡು ಹಸು? ಸುಮ್ನೆ ಖುಷಿಗೆ ಸಾಕಬಹುದು, ಬದುಕಲು ಆಗದು. ಕೃಷಿ ಭೂಮಿ ಕೊಳ್ಳಲು ಅಲ್ಲಿ ಅನುಮತಿ ಬೇಕು. 1991ರ ಕಾನೂನಿನ ಪ್ರಕಾರ ತಾನೇ ಉಳುಮೆ ಮಾಡಬಲ್ಲವರಿಗಷ್ಟೇ ಜಮೀನು. 2,500 ಚದರ ಮೀಟರ್‌ಗಿಂತ ಸಣ್ಣ ತುಂಡಿಗೆ ಮಾತ್ರ ಈ ತೊಡಕಿಲ್ಲ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಗುಂಟೆ. ಸರ್ಕಾರದ ಹಣ ಬೇಕಾದರೆ ಸಾಮಾನ್ಯವಾಗಿ ಕೃಷಿ ತರಬೇತಿ ಪಡೆದಿರಬೇಕು. ಕಟ್ಟಿ ಸಾಕುವ ಹಸುವನ್ನು ವರ್ಷಕ್ಕೆ ಕನಿಷ್ಠ 90 ದಿನ ಹೊರಗೆ ಬಿಡಲೇಬೇಕು. ಪ್ರತಿ ಹಸುವಿನ ಕಿವಿಗೂ ನಂಬರ್, ಪ್ರತಿ ಓಡಾಟಕ್ಕೂ ದಾಖಲೆ.

ಊರು ಸೇರಿಸಿಕೊಳ್ಳುತ್ತದಾ ಎಂದು ಕೇಳಿದ್ದೀರಿ. ಇದಕ್ಕೆ ಹೌದು, ಇಲ್ಲ ಎರಡೂ ಉತ್ತರ ಸರಿ. ಅಲ್ಲಿ ಒಂದೇ ಊರಿಗೆ ಎರಡು ಪಂಚಾಯ್ತಿ ಇರಬಹುದು. ಒಂದು ವಾಸಿಸುವವರದ್ದು. ಇನ್ನೊಂದು ಮೂಲನಿವಾಸಿಗಳ ಸಂಘ, ಬುರ್ಗರ್‌ಗೆಮೈಂಡೆ. ಕಾಡು, ಆಲ್ಪ್ ಎಷ್ಟೋ ಕಡೆ ಈ ಎರಡನೆಯದರ ಕೈಯಲ್ಲಿ. ಮನೆ ಕೊಂಡ ಮಾತ್ರಕ್ಕೆ ಅದರಲ್ಲಿ ಸದಸ್ಯತ್ವ ಇಲ್ಲ. 1483ರ ಮಾತು ಇನ್ನೂ ಪೂರ್ತಿ ಸತ್ತಿಲ್ಲ, ಅಲ್ವಾ? ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮೂಲದ ಊರು ಬರೆಯುತ್ತಾರೆ. ಜ್ಯೂರಿಕ್‌ನಲ್ಲೇ ಹುಟ್ಟಿ ಬೆಳೆದವನ ಪಾಸ್‌ಪೋರ್ಟಿನಲ್ಲಿ ಅವನು ಕಾಲಿಡದ ಹಳ್ಳಿಯೊಂದರ ಹೆಸರು ಇರಬಹುದು. ಮಗಳು ಸಿ ಪರ್ಮಿಟ್‌ನಲ್ಲೇ ಇದ್ದರೆ ವಾಲೇಯಲ್ಲಿ ಊರಿನ ಸಭೆಯಲ್ಲೂ ಮತ ಇಲ್ಲ. ಪೌರತ್ವಕ್ಕೆ ಊರು, ಪ್ರಾಂತ್ಯ, ದೇಶ ಮೂರೂ ಒಪ್ಪಬೇಕು.

ಇಷ್ಟಾದರೂ ಆ ಜನ ಕಲ್ಲೆದೆಯವರು ಅಂತ ತಿಳಿಯಬೇಡಿ. ಟೋರ್ಬೆಲ್‌ನಿಂದ ದೂರವಿಲ್ಲದ ಉಂಟರ್‌ಬೆಖ್ ಎಂಬ ಬೆಟ್ಟದ ಹಳ್ಳಿ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ದೇಶಮಟ್ಟದಲ್ಲಿ ಮತದ ಹಕ್ಕು ಬಂದಿದ್ದು 1971ರಲ್ಲಿ. ಉಂಟರ್‌ಬೆಖ್‌ನ ಪಂಚಾಯ್ತಿ 1957ರಲ್ಲೇ ತನ್ನೂರಿನ ಹೆಂಗಸರಿಗೆ ಮತಪೆಟ್ಟಿಗೆ ಇಟ್ಟಿತು. ಹೆಂಗಸರಿಗೂ ನಾಗರಿಕ ರಕ್ಷಣಾ ಸೇವೆ ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆಗೆ ದೇಶ ಮತ ಹಾಕುತ್ತಿತ್ತು. ಹೊರೆ ನಮ್ಮದು, ಮಾತು ನಮ್ಮದಲ್ಲವೇ ಎನ್ನುವುದು ತಕರಾರು. ಆ ಮತಗಳನ್ನು ಸರ್ಕಾರ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಆದರೂ ಹಾಕಿದರು. ಹಳ್ಳಿ ಎಂದರೆ ಹಳೆಯದಕ್ಕೆ ಅಂಟಿಕೊಂಡವರು ಎಂದು ಯಾರಾದರೂ ಹೇಳಿದಾಗ ನನಗೆ ಈ ಊರು ನೆನಪಾಗುತ್ತದೆ. ನಾನು ಕಂಡಂತೆ ಊರಿನ ವಾದ್ಯಗೋಷ್ಠಿಗೆ ಸೇರಿದವರು, ಕಾಲುವೆ ಹೂಳೆತ್ತುವ ದಿನ ಗುದ್ದಲಿ ಹಿಡಿದು ಬಂದವರು ಬೇಗ ಊರಿನವರಾಗುತ್ತಾರೆ. ಭಾಷೆ ಮಾತ್ರ ಕಷ್ಟ. ಅಲ್ಲಿಯ ಆಡುನುಡಿ ಬಾಸೆಲ್‌ನವರಿಗೇ ಸರಿಯಾಗಿ ತಿಳಿಯದು. ಮೊಮ್ಮಗ ಆರು ತಿಂಗಳಲ್ಲಿ ಕಲಿಯುತ್ತಾನೆ ಬಿಡಿ, ಅವನ ಅಪ್ಪ ಅಮ್ಮ ಒದ್ದಾಡುತ್ತಾರೆ.

ಮಗಳ ಮುಂದಿರುವ ದಾರಿಗಳು ಇಷ್ಟು. ಆಲ್ಬಿನೆನ್‌ನಂಥ ಊರಿನಲ್ಲಿ ಮನೆ ಕೊಂಡು ಇಬ್ಬರಲ್ಲಿ ಒಬ್ಬರಾದರೂ ಪೇಟೆಯ ಕೆಲಸ ಇಟ್ಟುಕೊಳ್ಳುವುದು ಒಂದು. ಇದು ನಡೆಯುತ್ತದೆ. ಅಪಾಯ ಇರುವುದು ಮನೆಯಲ್ಲಿ. ಹಳೆಯ ಮರದ ಮನೆಗೆ ಐದಾರು ವಾರಸುದಾರರು ಇರಬಹುದು, ಎಲ್ಲರ ಸಹಿ ಬೇಕು. ರಿಪೇರಿ ಖರ್ಚು ಎಷ್ಟೋ ಸಲ ಊರು ಕೊಡುವ ಹಣವನ್ನು ನುಂಗುತ್ತದೆ. ಹತ್ತು ವರ್ಷದೊಳಗೆ ಕೆಲಸ ಹೋದರೆ ಹಣ ಹಿಂತಿರುಗಿಸಬೇಕು, ಮನೆಗೆ ಗಿರಾಕಿಯೂ ಬೇಗ ಸಿಗಲಿಕ್ಕಿಲ್ಲ.

ನಿಜವಾಗಿ ರೈತಳಾಗಬೇಕು ಎಂದಿದ್ದರೆ ಅಲ್ಲಿ ರೈತನ ಕೆಲಸಕ್ಕೆ ಮೂರು ವರ್ಷದ ಕಲಿಕೆ ಇದೆ, ದೊಡ್ಡವರೂ ಸೇರಬಹುದು. ಕಲಿತ ಮೇಲೆ ಜಮೀನು ಸಿಗುವುದೇ ಕಷ್ಟ. ರೈತರ ಜಮೀನು ಬಹುಪಾಲು ಮನೆಯೊಳಗೇ ಕೈ ಬದಲಾಗುತ್ತದೆ. ಕುರಿ ಸಾಕುತ್ತೇನೆ ಎಂದರೆ ತೋಳದ ಲೆಕ್ಕವನ್ನೂ ಹಾಕಬೇಕು. ನಿರ್ನಾಮವಾಗಿದ್ದ ತೋಳ 1995ರಲ್ಲಿ ವಾಪಸ್ ಬಂದಿದೆ. ವಾಲೇಯ ಕುರಿಗಾರರ ಬಾಯಲ್ಲಿ ಈಗ ಅದೇ ಮಾತು.

ನಾನು ಹೇಳುವುದು ಮೂರನೆಯದು. ಕಾರಿತಾಸ್ ಎಂಬ ಸೇವಾ ಸಂಸ್ಥೆ ಬೆಟ್ಟದ ರೈತರ ಮನೆಗೆ ಸ್ವಯಂಸೇವಕರನ್ನು ಕಳಿಸುತ್ತದೆ. ಸಂಬಳ ಇಲ್ಲ, ಊಟ ವಸತಿ ಇದೆ. ಮಗಳು ಒಂದು ವಾರ ಹುಲ್ಲು ಕೊಯ್ಯಲಿ. ಹಿಡಿಸಿದರೆ ಒಂದು ಬೇಸಿಗೆ ಆಲ್ಪ್‌ನಲ್ಲಿ ಸಂಬಳಕ್ಕೆ ಕೆಲಸ ಮಾಡಲಿ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಆಮೇಲೂ ಆಸೆ ಉಳಿದಿದ್ದರೆ ನವೆಂಬರ್‌ನಲ್ಲಿ ಆಲ್ಬಿನೆನ್‌ಗೆ ಹೋಗಿ ಬರಲಿ. ಪ್ರವಾಸಿಗರು ಇರುವುದಿಲ್ಲ, ಮಂಜು ಇರುತ್ತದೆ, ಸಂಜೆ ಐದಕ್ಕೆ ಕತ್ತಲು. ಮನೆ ನೋಡಬೇಕಾದದ್ದು ಆಗ.

ಕೊಳ್ಳುವ ಮುನ್ನ ಅಪಾಯದ ನಕ್ಷೆಯನ್ನೂ ಕೇಳಿ ನೋಡಲಿ. ಅಲ್ಲಿ ಹಿಮಕುಸಿತ, ಬಂಡೆಕುಸಿತದ ಜಾಗಗಳಿಗೆ ಬಣ್ಣ ಹಾಕಿದ ನಕ್ಷೆ ಪಂಚಾಯ್ತಿಯಲ್ಲೇ ಸಿಗುತ್ತದೆ. ಇದೇ ವಾಲೇಯ ಬ್ಲಾಟೆನ್ ಹಳ್ಳಿಯ ಮೇಲೆ 2025ರ ಮೇ 28ರಂದು ಹಿಮನದಿ, ಬಂಡೆ ಒಟ್ಟಿಗೇ ಕುಸಿದು ಬಿದ್ದವು. ಊರು ಬಹುಪಾಲು ಮುಚ್ಚಿಹೋಯಿತು. ಬೆಟ್ಟ ಅಲುಗುತ್ತಿರುವುದನ್ನು ಅಳೆಯುತ್ತಿದ್ದವರು ಒಂಬತ್ತು ದಿನ ಮೊದಲೇ ಸುಮಾರು 300 ಜನರನ್ನು, ದನಗಳನ್ನು ಖಾಲಿ ಮಾಡಿಸಿದ್ದರು. ಅಷ್ಟು ಎಚ್ಚರ ಇದ್ದರೂ ಒಂದು ಜೀವ ಹೋಯಿತು.

ಕೊನೆಗೆ ಕಾಳಗದ ಪ್ರಶ್ನೆ. ಹೌದು, ನಿಜ. ಎರಿಂಗರ್ ಎಂಬ ತಳಿ, ಕಪ್ಪು ಅಥವಾ ಕಡುಕಂದು ಬಣ್ಣ, ಗಿಡ್ಡ ಕಾಲು, ದಪ್ಪ ಕುತ್ತಿಗೆ. ಕಾದಾಡುವುದು ಹೋರಿಗಳಲ್ಲ, ಹಸುಗಳು. ಆಲ್ಪ್‌ಗೆ ಹತ್ತಿದ ಮೊದಲ ದಿನ ಬೇರೆ ಬೇರೆ ಕೊಟ್ಟಿಗೆಯ ಹಸುಗಳು ಸೇರಿದಾಗ ಯಾರು ಯಜಮಾನಿ ಎಂದು ತಾವೇ ನೆತ್ತಿಗೆ ನೆತ್ತಿ ಒತ್ತಿ ತೀರ್ಮಾನಿಸಿಕೊಳ್ಳುತ್ತವೆ. ಜನ ಅದನ್ನೇ ಪಂದ್ಯ ಮಾಡಿಕೊಂಡರು. ದೊಡ್ಡ ಪಂದ್ಯ ಸಿಯೋಂ ಪಟ್ಟಣದ ಹತ್ತಿರದ ಅಪ್ರೋದಲ್ಲಿ, ಮೇ ತಿಂಗಳಲ್ಲಿ. ಗೆದ್ದವಳು ರಾಣಿ, ಅವಳ ಕರುವಿಗೆ ಒಳ್ಳೆ ಬೆಲೆ. ಚುಚ್ಚುವುದಿಲ್ಲ, ಕೊಲ್ಲುವುದಿಲ್ಲ. ಎಷ್ಟೋ ಜೋಡಿ ಮುಖ ನೋಡಿಕೊಂಡು, ಕಾಲಿನಿಂದ ಮಣ್ಣು ಕೆರೆದು, ಅಷ್ಟಕ್ಕೇ ಮುಗಿಸುತ್ತವೆ. ಸೋತ ಹಸು ಬೆನ್ನು ತಿರುಗಿಸಿ ಹುಲ್ಲು ಮೇಯಲು ಹೋಗುತ್ತದೆ.